ರೆಕ್ಕೆ ಇಲ್ಲಿ, ಸಂಶೋಧಕರು ಬೆಂಗಳೂರಲ್ಲಿ

ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಗಳಲ್ಲಿ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಸುತ್ತಲೂ ಗಾಳಿಯಂತ್ರಗಳು ತಿರುಗುತ್ತಿವೆ. ಅವುಗಳ ರೆಕ್ಕೆಗಳು ಗಾಜಿನ ನಾರಿಗೆ ರಾಳ ಬೆಸೆದು ಮಾಡಿದವು. ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ರೆಕ್ಕೆಯ ಆಯುಸ್ಸು ಸುಮಾರು 20 ವರ್ಷ.

ಆಮೇಲೆ?

ಪಿಎಚ್‌ಡಿ ಮುಗಿಸಿದ ವಸ್ತುವಿಜ್ಞಾನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅಂಥವರಿಗೆ ಸಿ.ವಿ. ರಾಮನ್ ಹೆಸರಿನಲ್ಲಿ ಪೋಸ್ಟ್‌ಡಾಕ್ ಫೆಲೋಶಿಪ್ ಕೊಡುತ್ತದೆ. ಇದೇ ಜಿಲ್ಲೆಯ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಸಂಸ್ಥೆಗೆ 1,500 ಎಕರೆಯ ಆವರಣವಿದೆ. ವಿಜ್ಞಾನ ಶಿಕ್ಷಕರ ತರಬೇತಿಯೂ ಅಲ್ಲಿ ನಡೆಯುತ್ತದೆ. ಫೆಲೋಗಳಲ್ಲಿ ಕೆಲವರಿಗಾದರೂ ಅಲ್ಲೇ ಕುಲುಮೆ, ಸೂಕ್ಷ್ಮದರ್ಶಕ, ಮನೆ ಒದಗಿಸಿ ಹಳೆಯ ರೆಕ್ಕೆಗಳ ಮರುಬಳಕೆಯ ಕೆಲಸ ವಹಿಸಬೇಕು. ಬೆಂಗಳೂರಿನ ಬಾಡಿಗೆಯಾದರೂ ಉಳಿಯುತ್ತದೆ! ಈ ಆವರಣಕ್ಕಾಗಿ ಅಮೃತಮಹಲ್ ಕಾವಲಿನ ಹುಲ್ಲುಗಾವಲು ಕಳೆದುಕೊಂಡ ಹಳ್ಳಿಗಳವರೂ ಅದರಿಂದ ಏನು ಬಂತೆಂದು ಕೇಳುತ್ತಾರಲ್ಲ.