ಪೊಟ್ಟಣದೊಳಗಿನ ಊಟ, ಪೊಟ್ಟಣದ ಮೇಲಿನ ಹೆಸರು

ಒಂದು ತಿನಿಸು ಯಾವ ರಾಜ್ಯದ್ದು ಎಂಬ ಜಗಳ ನಮಗೆ ಹೊಸದಲ್ಲ. ರಸಗುಲ್ಲಕ್ಕೆ 2017ರಲ್ಲಿ ಪಶ್ಚಿಮ ಬಂಗಾಳ ಭೌಗೋಳಿಕ ಸೂಚಿಯ ಮಾನ್ಯತೆ ಪಡೆಯಿತು. 2019ರಲ್ಲಿ ಒಡಿಶಾ ತನ್ನ ಬಗೆಯ ರಸಗುಲ್ಲಕ್ಕೂ ಅದನ್ನು ದಕ್ಕಿಸಿಕೊಂಡಿತು. ಅಮೆರಿಕದ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳ ನಡುವೆಯೂ ಇಂಥದೇ ಒಂದು ವ್ಯಾಜ್ಯ ದಶಕಗಳಿಂದ ನಡೆದಿದೆ. ವ್ಯಾಜ್ಯದ ವಸ್ತುವಿನ ಹೆಸರು ಫ್ರಿಟೊ ಪೈ. ಈ ಜಗಳದ ಕುರಿತು ಓದಿದಷ್ಟೂ, ಎರಡೂ ಕಡೆಯವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳುತ್ತಿಲ್ಲ ಎಂದು ನನಗೆ ಅನಿಸಿದೆ.

ಪೈ ಎಂಬ ಹೆಸರಿದ್ದರೂ ಇದಕ್ಕೆ ಹಿಟ್ಟಿನ ಹೊದಿಕೆ ಇರುವುದಿಲ್ಲ. ಫ್ರಿಟೋಸ್ ಎಂಬ ಮೆಕ್ಕೆಜೋಳದ ಚಿಪ್ಸ್‌ನ ಸಣ್ಣ ಪೊಟ್ಟಣವೊಂದನ್ನು ಪಕ್ಕದಿಂದ ಸೀಳಿ, ಅದರೊಳಕ್ಕೆ ಬಿಸಿಬಿಸಿ ಚಿಲಿಯನ್ನು ಸುರಿದು, ಮೇಲೆ ತುರಿದ ಚೀಸ್ ಮತ್ತು ಹೆಚ್ಚಿದ ಈರುಳ್ಳಿ ಉದುರಿಸಿದರೆ ಮುಗಿಯಿತು. ಪೊಟ್ಟಣವೇ ತಟ್ಟೆ. ಇಲ್ಲಿ ಚಿಲಿ ಎಂದರೆ ಬರಿಯ ಮೆಣಸಿನಕಾಯಿಯಲ್ಲ, ಮೆಣಸಿನಕಾಯಿ ಹಾಕಿ ಹದವಾಗಿ ಬೇಯಿಸಿದ ಗಟ್ಟಿ ಸಾರು. ಟೆಕ್ಸಾಸ್‌ನಲ್ಲಿ ಅದು ಮಾಂಸದ ಅಡುಗೆ. ಕಾಳು ಬೆರೆಸಿದರೆ ಅಲ್ಲಿನ ಕಟ್ಟಾ ಅಭಿಮಾನಿಗಳು ಸಿಡಿಮಿಡಿಗೊಳ್ಳುತ್ತಾರೆ. 1977ರಲ್ಲಿ ಆ ರಾಜ್ಯ ಚಿಲಿಯನ್ನು ತನ್ನ ಅಧಿಕೃತ ಭಕ್ಷ್ಯವೆಂದು ಘೋಷಿಸಿತು. ನ್ಯೂ ಮೆಕ್ಸಿಕೊದಲ್ಲಿ ಪ್ರಾಧಾನ್ಯ ಮೆಣಸಿನಕಾಯಿಗೇ. ಒಣಗಿದ ಕೆಂಪು ಕಾಯಿಯನ್ನು ನೆನೆಸಿ ರುಬ್ಬಿದ ಅಲ್ಲಿನ ಸಾರಿನ ಬಣ್ಣ ಕಂಡರೆ ಬ್ಯಾಡಗಿ ಮೆಣಸಿನಕಾಯಿ ಬಲ್ಲವರಿಗೆ ಅಪರಿಚಿತವೆನಿಸಲಾರದು. ‘ಕೆಂಪೋ, ಹಸಿರೋ?’ ಎಂಬ ಹೋಟೆಲ್ ಮಾಣಿಯ ಪ್ರಶ್ನೆಯೇ ಅಲ್ಲಿ ಅಧಿಕೃತ ರಾಜ್ಯ ಪ್ರಶ್ನೆ. ಒಂದು ಶಾಸನಸಭೆ ಇದಕ್ಕೂ ಸಮಯ ಕೊಟ್ಟಿತಲ್ಲ ಎಂದು ನಗಬಹುದು. ನನಗಂತೂ ಅದು ನಮ್ಮ ಅನೇಕ ಸದನ ಕಲಾಪಗಳಿಗಿಂತ ಮೇಲೆಂದೇ ತೋರುತ್ತದೆ.

ಇದು ಶಾಲೆಯ ಫುಟ್‌ಬಾಲ್ ಪಂದ್ಯಗಳ, ಜಾತ್ರೆಗಳ, ಮಕ್ಕಳ ಮಧ್ಯಾಹ್ನದ ಊಟದ ತಿನಿಸು. ಚಳಿಯ ಸಂಜೆ ಕೈಯನ್ನೂ ಹೊಟ್ಟೆಯನ್ನೂ ಒಟ್ಟಿಗೆ ಬೆಚ್ಚಗಾಗಿಸುವ ಅಗ್ಗದ ಆಹಾರ. ಡಲ್ಲಾಸ್ ನಗರದ ಕನ್ನಡಿಗರೊಬ್ಬರ ಮನೆಯಲ್ಲಿ ನಾನು ಉಂಡದ್ದು ಮಾಂಸದ ಬದಲು ರಾಜ್ಮಾ ಹಾಕಿದ ಬಗೆ. ಅಪ್ಪಟ ಟೆಕ್ಸಾಸಿಗರು ಒಪ್ಪಲಿಕ್ಕಿಲ್ಲ. ಆದರೆ ಅಡಿಯ ಚಿಪ್ಸ್ ಮೆತ್ತಗಾಗುವ ಮೊದಲೇ, ಮೇಲಿನವು ಗರಿಗರಿಯಾಗಿರುವಾಗಲೇ ತಿಂದು ಮುಗಿಸಬೇಕೆಂಬ ಆ ಅವಸರ ಚುರುಮುರಿ ತಿಂದು ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ವ್ಯಾಜ್ಯಕ್ಕೆ ಬರೋಣ. ಟೆಕ್ಸಾಸ್‌ನವರ ಪ್ರಕಾರ ಇದರ ಮೂಲ, ಫ್ರಿಟೊ ಕಂಪನಿ ಸ್ಥಾಪಿಸಿದ ಚಾರ್ಲ್ಸ್ ಎಲ್ಮರ್ ಡೂಲಿನ್ ಅವರ ತಾಯಿ ಡೇಸಿ ಡೂಲಿನ್ ಅವರ ಅಡುಗೆಮನೆ. ನ್ಯೂ ಮೆಕ್ಸಿಕೊದವರ ಪ್ರಕಾರ, ಸಾಂಟಾ ಫೆ ನಗರದ ವೂಲ್‌ವರ್ತ್ ಅಂಗಡಿಯ ಊಟದ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ತೆರೇಸಾ ಹೆರ್ನಾಂಡೆಜ್ ಎಂಬಾಕೆ 1960ರ ದಶಕದಲ್ಲಿ ಇದನ್ನು ಮೊದಲು ಮಾಡಿದಳು. ಕಾಗದದ ಪುರಾವೆ ಟೆಕ್ಸಾಸ್‌ನ ಕಡೆಗೇ ವಾಲುತ್ತದೆ. ಚಿಪ್ಸ್ ಬಳಸಿ ಮಾಡುವ ಅಡುಗೆಗಳ ವಿಧಾನವನ್ನು ಅಚ್ಚು ಹಾಕಿಸಿ ಹಂಚುವುದು ಕಂಪನಿಯ ವ್ಯಾಪಾರ ತಂತ್ರವೇ ಆಗಿತ್ತು. ಆದರೆ ಮುದ್ರಣ ಸಾಧ್ಯವಿದ್ದವರ ಬಳಿ ಪುರಾವೆ ಇರುತ್ತದೆ; ಕಟ್ಟೆಯ ಹಿಂದೆ ನಿಂತು ಬಡಿಸಿದವಳ ಬಳಿ ಇರುವುದಿಲ್ಲ. ಹಾಗೆಂದು ಆಕೆಯೇ ಮೊದಲಿಗಳೆಂದು ನಾನು ವಾದಿಸುತ್ತಿಲ್ಲ. ಚಿಪ್ಸ್ ಮತ್ತು ಚಿಲಿ ಎರಡೂ ಇದ್ದ ಯಾವ ಮನೆಯಲ್ಲಾದರೂ ಇವೆರಡೂ ಕೂಡಿಕೊಳ್ಳಲು ಪ್ರತಿಭೆಗಿಂತ ಹೆಚ್ಚಾಗಿ ಹಸಿವು ಸಾಕಾಗಿತ್ತು.

ಕೇಳಬೇಕಾದ ಪ್ರಶ್ನೆ ಅದಕ್ಕೂ ಹಿಂದಿನದು. ಆ ಚಿಪ್ಸ್ ಯಾರದು, ಆ ಚಿಲಿ ಯಾರದು?

1932ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಡೂಲಿನ್‌ಗೆ ಫ್ರಿಟೋಸ್ ಮಾಡುವ ವಿಧಾನವನ್ನು ಮಾರಿದವನು ಗುಸ್ತಾವೊ ಓಲ್ಗಿನ್ ಎಂಬ ಮೆಕ್ಸಿಕೊದವನು. ಪಾಕವಿಧಾನ, ಹಿಟ್ಟನ್ನು ಒತ್ತುವ ಒಂದು ಕೈಯಂತ್ರ, ಹತ್ತೊಂಬತ್ತು ಅಂಗಡಿಗಳ ಗಿರಾಕಿತನ, ಇಷ್ಟಕ್ಕೂ ಕೊಟ್ಟ ಬೆಲೆ ನೂರು ಡಾಲರ್ ಎಂಬುದು ಪ್ರಚಲಿತ ಕಥನ. ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ಹಣ ಹೊಂದಿಸಲು ತಾಯಿ ತನ್ನ ಮದುವೆಯ ಉಂಗುರವನ್ನು ಒತ್ತೆಯಿಟ್ಟಳೆಂದು ಡೂಲಿನ್ ಕುಟುಂಬದವರು ಹೇಳುತ್ತ ಬಂದಿದ್ದಾರೆ. ಓಲ್ಗಿನ್ ತಾಯ್ನಾಡಿಗೆ ಮರಳಲು ಬಯಸಿದ್ದನೆನ್ನುತ್ತಾರೆ. ಇದನ್ನು ಮೋಸವೆಂದು ಕರೆಯುವುದು ನ್ಯಾಯವಲ್ಲ. ಕೊಟ್ಟವನೂ ಕೊಂಡವನೂ ಒಪ್ಪಿದ ವ್ಯವಹಾರ ಅದು. ಆದರೆ ಓಲ್ಗಿನ್ ಮಾರಿದ್ದು ಅವನೊಬ್ಬನ ಸೊತ್ತೂ ಆಗಿರಲಿಲ್ಲ. ಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ಸಿಪ್ಪೆ ಕಳಚಿ ರುಬ್ಬುವ ಕ್ರಮವನ್ನು ಮಧ್ಯ ಅಮೆರಿಕದ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. ಸುಣ್ಣ ಸೇರಿದಾಗಲೇ ಜೋಳದಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಜೋಳವನ್ನು ಒಯ್ದು ಈ ಕ್ರಮವನ್ನು ಬಿಟ್ಟುಹೋದ ಯುರೋಪಿನವರು ಅದರ ಬೆಲೆ ತೆತ್ತರು: ಇಟಲಿಯ ಉತ್ತರ ಭಾಗದಲ್ಲೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣದಲ್ಲೂ ಜೋಳವನ್ನೇ ನೆಚ್ಚಿದ್ದ ಬಡವರು ಪೆಲಾಗ್ರಾ ರೋಗಕ್ಕೆ ಬಲಿಯಾದರು.

ಚಿಲಿಯ ಕತೆಯೂ ಹೆಚ್ಚು ಭಿನ್ನವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದೇ ಸ್ಯಾನ್ ಆಂಟೋನಿಯೊದ ಚೌಕಗಳಲ್ಲಿ ಸಂಜೆಯಾಗುತ್ತಲೇ ಮೆಕ್ಸಿಕನ್ ಮೂಲದ ಹೆಂಗಸರು ಮೇಜು, ಲಾಂದ್ರ, ಕಡಾಯಿಗಳೊಡನೆ ಬಂದು ಚಿಲಿ ಮಾರುತ್ತಿದ್ದರು. ಪತ್ರಿಕೆಗಳು ಅವರನ್ನು ‘ಚಿಲಿ ರಾಣಿಯರು’ ಎಂದು ಕೊಂಡಾಡಿದವು. ರೈಲಿನಲ್ಲಿ ಬಂದ ಪ್ರವಾಸಿಗರು ಅವರನ್ನು ನೋಡಲೆಂದೇ ಚೌಕಕ್ಕೆ ಬರುತ್ತಿದ್ದರು. 1893ರ ಷಿಕಾಗೊ ವಿಶ್ವಮೇಳದಲ್ಲಿ ಸ್ಯಾನ್ ಆಂಟೋನಿಯೊ ಹೆಸರಿನ ಚಿಲಿ ಅಂಗಡಿಯೂ ಎದ್ದಿತು. ಅದೇ ದಶಕದಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಮೆಣಸಿನ ಪುಡಿಯನ್ನು ಡಬ್ಬಿಗೆ ತುಂಬಿ ತನ್ನ ಹೆಸರಿನಲ್ಲಿ ಮಾರತೊಡಗಿದ. 1930ರ ದಶಕದ ಕೊನೆಗೆ ನಗರಾಡಳಿತ ನೈರ್ಮಲ್ಯದ ನಿಯಮ ಬಿಗಿ ಮಾಡಿತು. ಮುಂದಿನ ಕೆಲವು ವರ್ಷಗಳಲ್ಲಿ ರಾಣಿಯರು ಚೌಕಗಳಿಂದ ಮರೆಯಾದರು. ನೈರ್ಮಲ್ಯ ಬೇಡವೆನ್ನಲು ಯಾರಿಂದಲೂ ಆಗದು. ಆದರೆ ಬೀದಿಬದಿಯ ಹೆಂಗಸಿಗೆ ನೀರಿನ ನಲ್ಲಿ ಒದಗಿಸುವುದಕ್ಕಿಂತ ಅವಳನ್ನು ಎಬ್ಬಿಸುವುದೇ ಆಡಳಿತಗಳಿಗೆ ಸುಲಭವಾಗಿ ಹೊಳೆಯುವ ಉಪಾಯ. ಇದನ್ನು ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ.

ನಮ್ಮಂಥ ಸುಶಿಕ್ಷಿತರ ತಿರಸ್ಕಾರ ಬೇರೊಂದು ಬಗೆಯದು. 2013ರಲ್ಲಿ ಖ್ಯಾತ ಅಡುಗೆ ಬರಹಗಾರ ಆ್ಯಂಟನಿ ಬೋರ್ಡೇನ್ ತನ್ನ ಟಿ.ವಿ. ಸರಣಿಗಾಗಿ ಸಾಂಟಾ ಫೆಗೆ ಹೋಗಿ ಫ್ರಿಟೊ ಪೈ ತಿಂದ. ವೂಲ್‌ವರ್ತ್ 1997ರಲ್ಲಿ ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಬಂದ ಅಂಗಡಿಯಲ್ಲಿ ಅದನ್ನು ಮಾರುತ್ತಿದ್ದರು. ಅದರ ಚಿಲಿ ಡಬ್ಬಿಯಿಂದ ಬಂದದ್ದೆಂದು ಆತ ಹೀಗಳೆದ. ಚಿಲಿ ಅಲ್ಲೇ ಬೇಯಿಸಿದ್ದಾಗಿತ್ತು. ಊರವರು ಸಿಟ್ಟಾದರು, ಆತ ಆ ಮಾತು ತಪ್ಪೆಂದು ಒಪ್ಪಿಕೊಂಡ. ಬೀದಿಯ ಊಟದ ಪರವಾಗಿ ಜಗತ್ತಿನಾದ್ಯಂತ ದನಿಯೆತ್ತಿದವನೂ ಪ್ಲಾಸ್ಟಿಕ್ ಪೊಟ್ಟಣವನ್ನು ಕಂಡಾಗ ಒಳಗಿರುವುದೆಲ್ಲ ಕಾರ್ಖಾನೆಯದೇ ಎಂದುಕೊಂಡನಲ್ಲ! ಕಟ್ಟೆಯ ಹಿಂದೆ ಅಂದು ಬೆಳಿಗ್ಗೆ ಮೆಣಸಿನಕಾಯಿ ಹದ ಮಾಡಿದವರು ಯಾರೋ ಇದ್ದಾರೆಂಬುದು ಹೊಳೆಯದೆ ಹೋಯಿತು.

ಆದ್ದರಿಂದ ಟೆಕ್ಸಾಸ್ ಗೆದ್ದರೂ ನ್ಯೂ ಮೆಕ್ಸಿಕೊ ಗೆದ್ದರೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. 1848ಕ್ಕೆ ಮುನ್ನ ಸಾಂಟಾ ಫೆ ಮೆಕ್ಸಿಕೊಗೇ ಸೇರಿತ್ತು; ಟೆಕ್ಸಾಸ್ 1836ರವರೆಗೂ ಆ ದೇಶದ ಭಾಗವಾಗಿತ್ತು. ಗಡಿ ದಾಟಿದ್ದು ಅಲ್ಲಿನ ಅಡುಗೆಯಲ್ಲ, ಅಡುಗೆಯ ಮೇಲೆ ಗಡಿಯೇ ದಾಟಿಹೋಯಿತು.

ಕಂಪನಿ ಮಾತ್ರ ಬೆಳೆಯುತ್ತ ಹೋಯಿತು. 1961ರಲ್ಲಿ ಅದು ಲೇಸ್ ಜೊತೆ ಕೂಡಿ ಫ್ರಿಟೊ–ಲೇ ಆಯಿತು. 1965ರಲ್ಲಿ ಪೆಪ್ಸಿ ಕೋಲಾ ಜೊತೆ ಸೇರಿ ಪೆಪ್ಸಿಕೊ ಆಯಿತು. ಎರಡು ವರ್ಷದ ನಂತರ, 1967ರಲ್ಲಿ, ಫ್ರಿಟೋಸ್ ಜಾಹೀರಾತಿಗೆ ಒಂದು ವ್ಯಂಗ್ಯಚಿತ್ರದ ಪಾತ್ರ ಬಂತು: ದೊಡ್ಡ ಟೋಪಿ, ಮೀಸೆ, ಸೊಂಟದಲ್ಲಿ ಪಿಸ್ತೂಲು ಇರುವ ಕುಳ್ಳ ಮೆಕ್ಸಿಕನ್ ಕಳ್ಳ. ಹೆಸರು ಫ್ರಿಟೊ ಬ್ಯಾಂಡಿಟೊ. ಜನರ ಕೈಯಿಂದ ಫ್ರಿಟೋಸ್ ಕಸಿದುಕೊಳ್ಳುವುದು ಅವನ ಕಸುಬು. ಮೆಕ್ಸಿಕನ್ ಅಮೆರಿಕನ್ ಸಂಘಟನೆಗಳು ವರ್ಷಗಟ್ಟಲೆ ಪ್ರತಿಭಟಿಸಿದ ಮೇಲೆ, 1971ರಲ್ಲಿ, ಕಂಪನಿ ಅವನನ್ನು ಹಿಂತೆಗೆದುಕೊಂಡಿತು.