ಟೊಮೇಟೊ ಗಡಿಯಾರ, ಅಯ್ಯಂಗಾರರ ಇಟ್ಟಿಗೆ

ಪುಣೆಯ ಸದಾಶಿವ ಪೇಠೆಯಲ್ಲಿ ಏಕಾಗ್ರತೆ ತಿಂಗಳ ಬಾಡಿಗೆಗೆ ಸಿಗುತ್ತದೆ. ನಗೆಮಾತಲ್ಲ. ನವಿ ಪೇಠ, ನಾರಾಯಣ ಪೇಠ, ಶಾಸ್ತ್ರಿ ರೋಡಿನ ಆಸುಪಾಸು ನಡೆದರೆ ‘ಅಭ್ಯಾಸಿಕಾ’ ಎಂಬ ಬೋರ್ಡು ಮಾಳಿಗೆ ಮಾಳಿಗೆಗೆ ಕಾಣುತ್ತದೆ. ಒಳಗೆ ಸಾಲು ಮೇಜು, ಎಡಕ್ಕೂ ಬಲಕ್ಕೂ ಹಲಗೆಯ ಅಡ್ಡ, ತಲೆಯ ಮೇಲೊಂದು ದೀಪ, ಮೊಬೈಲು ಚಾರ್ಜು ಮಾಡಲು ಒಂದು ಪಾಯಿಂಟು, ಮೇಜಿಗೊಂದು ನಂಬರು. ಬಾಯಿ ತೆರೆದರೆ ಹೊರಗೆ.

ಎಂ.ಪಿ.ಎಸ್.ಸಿ., ಯು.ಪಿ.ಎಸ್.ಸಿ. ಅಂತ ಊರು ಬಿಟ್ಟು ಬಂದವರು ಇಲ್ಲಿ ಕೂತಿರುತ್ತಾರೆ. ಮರಾಠವಾಡ, ವಿದರ್ಭದವರ ನಡುವೆ ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರದ ನಮ್ಮ ಹುಡುಗ ಹುಡುಗಿಯರೂ ಇದ್ದಾರೆ. ಮನೆಯ ಮಾತು ಕನ್ನಡ, ಪರೀಕ್ಷೆಯ ಮಾತು ಮರಾಠಿ. ಕಾಟಿನ ಬಾಡಿಗೆ, ಮೆಸ್ಸಿನ ಬಿಲ್ಲು, ಕ್ಲಾಸಿನ ಫೀ, ಮೇಲೆ ಈ ಮೇಜು. ಇಷ್ಟಕ್ಕೂ ಊರಲ್ಲಿ ಜೋಳವನ್ನೋ ದ್ರಾಕ್ಷಿಯನ್ನೋ ಮಾರಿದ ದುಡ್ಡು ಬರಬೇಕು. ಒಂದು ವರ್ಷ ಎಂದು ಬಂದವರು ಮೂರಾಗಿ ನಾಲ್ಕಾಗಿ ಉಳಿಯುತ್ತಾರೆ. ಆದ್ದರಿಂದ ‘ಕೂತು ಓದುವುದು ಹೇಗೆ’ ಎನ್ನುವುದು ಕೆಲಸವಿಲ್ಲದವರ ಹರಟೆಯ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಇವರ ಕೋಣೆಯ ಗೋಡೆಗೆ ಅಂಟಿಸಿದ ವೇಳಾಪಟ್ಟಿಗಳನ್ನು ನೋಡಿದ್ದೇನೆ. ಎಲ್ಲ ಒಂದೇ ಅಚ್ಚಿನವು. ನಾಲ್ಕಕ್ಕೆ ಏಳುವುದು, ದಿನಕ್ಕೆ ಹದಿನಾಲ್ಕು ತಾಸು, ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ಬಿಡುವು. ಪಾಸಾದವನೊಬ್ಬ ಹೇಳಿದ್ದು ಆಮೇಲೆ ಎಲ್ಲರಿಗೂ ಶಾಸನವಾಗುತ್ತದೆ. ಅದೇ ಪಟ್ಟಿ ಹಿಡಿದು ಫೇಲಾದವರು ಎಷ್ಟು ಮಂದಿ ಅಂತ ಯಾರೂ ವಿಡಿಯೊ ಮಾಡೋದಿಲ್ಲ.

ಈ ಇಪ್ಪತ್ತೈದು ನಿಮಿಷದ ಲೆಕ್ಕ ಇಟಲಿಯದು. 1980ರ ದಶಕದ ಕೊನೆಗೆ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ, ಓದಿನ ಮೇಲೆ ಮನಸ್ಸು ನಿಲ್ಲದೆ, ಅಡಿಗೆಮನೆಯ ಟೊಮೇಟೊ ಆಕಾರದ ಗಂಟೆ ಗಡಿಯಾರ ತಿರುಗಿಸಿಟ್ಟು ಕೂತ. ಅವರ ಭಾಷೆಯಲ್ಲಿ ಟೊಮೇಟೊಗೆ ಪೊಮೊಡೊರೊ ಅನ್ನುತ್ತಾರೆ. ಪದ್ಧತಿಗೂ ಅದೇ ಹೆಸರು ನಿಂತಿತು. ಗಮನಿಸಿ, ಆತ ತನ್ನ ಕಾಯಿಲೆಗೆ ತಾನೇ ಹುಡುಕಿಕೊಂಡ ಮದ್ದು ಅದು. ಇಂದು ಅದು ಎಲ್ಲರ ಮೊಬೈಲಿನಲ್ಲೂ ಟಿಕ್ ಟಿಕ್ ಅನ್ನುತ್ತಿದೆ.

ಅಕ್ಕಲಕೋಟ ಕಡೆಯ ನನ್ನ ಗೆಳೆಯನೊಬ್ಬನಿಗೆ ಅದು ನಿಜಕ್ಕೂ ಒಗ್ಗಿದೆ. ಅವನ ತೊಂದರೆ ಶುರು ಮಾಡುವುದರಲ್ಲಿ. ಪುಸ್ತಕ ತೆಗೆಯುವ ಮುಂಚೆ ಮೇಜು ಒರೆಸುತ್ತಾನೆ, ಪೆನ್ನಿಗೆ ರೀಫಿಲ್ ಹಾಕುತ್ತಾನೆ, ಚಹಾಕ್ಕೆ ಹೋಗುತ್ತಾನೆ. “ಇಪ್ಪತ್ತೈದ ನಿಮಿಷ ಅಲ್ಲೇನ್ಲೇ, ಕೂತು ನೋಡೋಣು” ಅಂತ ತನಗೆ ತಾನೇ ಹೇಳಿಕೊಂಡರೆ ಕೂರುತ್ತಾನೆ. ಅದೇ ಅಭ್ಯಾಸಿಕೆಯ ಇನ್ನೊಬ್ಬಳಿಗೆ, ಜತ್ತದವಳು, ವಿಷಯದ ಒಳಗೆ ಇಳಿಯಲಿಕ್ಕೇ ಇಪ್ಪತ್ತು ನಿಮಿಷ ಬೇಕು. ಇಳಿದ ಮೇಲೆ ಎರಡು ತಾಸು ಅಲುಗಾಡುವುದಿಲ್ಲ. ಅವಳ ಪಾಲಿಗೆ ಈ ಗಂಟೆ ಅಂದರೆ ಹಂಚು ಕಾದು ಮೊದಲ ರೊಟ್ಟಿ ಬೀಳುವ ಹೊತ್ತಿಗೆ ಒಲೆ ಆರಿಸಿದ ಹಾಗೆ. ಆದರೂ ಕ್ಲಾಸಿನಲ್ಲಿ ಹೇಳಿದ್ದಾರೆ ಅಂತ ಆರು ತಿಂಗಳು ಒಲೆ ಆರಿಸುತ್ತಲೇ ಇದ್ದಳು. “ನನ್ನ ಮನಸ್ಸ ಗಟ್ಟಿ ಇಲ್ಲ ಬಿಡ್ರಿ” ಅಂತ ತನ್ನನ್ನೇ ಬೈದುಕೊಂಡಳು. ಪದ್ಧತಿ ಸೋತರೆ ಅಪವಾದ ಮನುಷ್ಯನ ತಲೆಗೆ. ನನ್ನ ಸಿಟ್ಟು ಇರುವುದು ಇಲ್ಲಿ.

ಇದೇ ಪುಣೆಯಲ್ಲಿ ಇದಕ್ಕೊಂದು ಉತ್ತರವಿತ್ತು, ಅದನ್ನು ಕೊಟ್ಟವರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ಬಿ.ಕೆ.ಎಸ್. ಅಯ್ಯಂಗಾರರು. ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತು, 1937ರಲ್ಲಿ ಗುರು ಕಳಿಸಿದರೆಂದು ಡೆಕ್ಕನ್ ಜಿಮಖಾನಾದಲ್ಲಿ ಕಲಿಸಲು ಬಂದರು. ಇನ್ನೂ ಇಪ್ಪತ್ತು ತುಂಬದ ಹುಡುಗ. ಮರಾಠಿ ಬಾರದು. ಎಳವೆಯಲ್ಲೇ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಕಂಡ ಸಣಕಲು ದೇಹ. ಹೀಗೆ ಬಂದವರು ಈ ಊರಲ್ಲೇ ನೆಲೆಯಾಗಿ, ಮಾಡೆಲ್ ಕಾಲೊನಿಯಲ್ಲಿ 1975ರಲ್ಲಿ ಸಂಸ್ಥೆ ತೆರೆದು, 2014ರಲ್ಲಿ ಇಲ್ಲೇ ತೀರಿಕೊಂಡರು.

ಅವರ ಹೆಸರಿನ ಜೊತೆಗೆ ಲೋಕವೆಲ್ಲ ನೆನೆಯುವುದು ಇಟ್ಟಿಗೆ, ಪಟ್ಟಿ, ಹಗ್ಗ, ಕಂಬಳಿ, ಕುರ್ಚಿಗಳನ್ನು. ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟದವನು ಏನು ಮಾಡುತ್ತಾನೆ? ಮೊಣಕಾಲು ಬಗ್ಗಿಸುತ್ತಾನೆ, ಎದೆಯನ್ನು ನೆಲದ ಕಡೆ ಕುಸಿಯಗೊಡುತ್ತಾನೆ, ಹೇಗೋ ಬೆರಳು ತಾಗಿಸಿ ‘ಆಯ್ತು’ ಅನ್ನುತ್ತಾನೆ. ಅಂಥವನ ಕೈಯ ಕೆಳಗೆ ಅಯ್ಯಂಗಾರರು ಇಟ್ಟಿಗೆ ಇಡುತ್ತಿದ್ದರು. ನೆಲವೇ ಮೇಲೆ ಬಂದಂತಾಯಿತು. ಕಾಲು ನೆಟ್ಟಗೆ ನಿಂತಿತು, ಎದೆ ತೆರೆಯಿತು. ಒಬ್ಬನಿಗೆ ಇಟ್ಟಿಗೆ ನಿಲ್ಲಿಸಿ ಇಡಬೇಕು, ಇನ್ನೊಬ್ಬನಿಗೆ ಮಲಗಿಸಿ, ಮತ್ತೊಬ್ಬನಿಗೆ ಬೇಡವೇ ಬೇಡ. ಆದರೆ ಆಸನದಿಂದ ಯಾರಿಗೂ ವಿನಾಯಿತಿ ಇಲ್ಲ! ಶಿಸ್ತಿನ ವಿಷಯದಲ್ಲಿ ಅವರು ಎಷ್ಟು ಕಠಿಣ ಅನ್ನುವುದು ಊರಿಗೇ ಗೊತ್ತಿದ್ದ ಮಾತು. 1966ರಲ್ಲಿ ಬಂದ ‘ಲೈಟ್ ಆನ್ ಯೋಗ’ದ ಕೊನೆಗೆ 300 ವಾರಗಳ ಪಾಠಕ್ರಮವನ್ನು ಕೊಟ್ಟವರೂ ಇದೇ ಮನುಷ್ಯ. ಕ್ರಮ ಎಲ್ಲರಿಗೂ ಒಂದು, ಇಟ್ಟಿಗೆಯ ಎತ್ತರ ಅವರವರದು.

ಹಾಡುವವರ ಲೋಕದಲ್ಲೂ ಇದೇ ಕಾಣುತ್ತದೆ. ಕುಂದಗೋಳದ ಸವಾಯಿ ಗಂಧರ್ವರಿಗೆ ಇಬ್ಬರು ದೊಡ್ಡ ಶಿಷ್ಯರು. ಭೀಮಸೇನ ಜೋಶಿ ಗುರುವಿನ ಮನೆಯಲ್ಲೇ ಇದ್ದು, ಮನೆಗೆಲಸ ಮಾಡುತ್ತ, ದಿನವಿಡೀ ಸ್ವರದ ನಡುವೆ ಬೆಳೆದರು. ಗಂಗೂಬಾಯಿ ಹಾನಗಲ್ಲರು ಸಂಸಾರ ಹೊತ್ತು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ, ಪಾಠ ತೆಗೆದುಕೊಂಡು ಮನೆಗೆ ಮರಳುವವರು. ಗುರು ಕೊಟ್ಟಷ್ಟನ್ನು ಮುಂದಿನ ಪಾಠದ ತನಕ ಉಜ್ಜಬೇಕು. ಒಬ್ಬನೇ ಗುರು, ಒಂದೇ ಕಿರಾಣಾ ಘರಾಣೆ. ಗಂಗೂಬಾಯಿಯವರಿಗೆ ‘ನೀನೂ ಇಲ್ಲೇ ಬಂದು ಇರು, ಇಲ್ಲದಿದ್ದರೆ ಸಂಗೀತ ಬಾರದು’ ಎಂಬ ನಿಯಮ ಹಾಕಿದ್ದರೆ ಏನಾಗುತ್ತಿತ್ತು? ಭೀಮಸೇನರು ಮುಂದೆ ಪುಣೆಯಲ್ಲಿ ಮನೆ ಮಾಡಿ ಗುರುವಿನ ಹೆಸರಿನಲ್ಲಿ 1953ರಿಂದ ಉತ್ಸವ ನಡೆಸಿದರು. ಈಗಲೂ ಡಿಸೆಂಬರಿನಲ್ಲಿ ಅದಕ್ಕೆ ಹೋಗುವ ನಮ್ಮವರು ಬಹಳ.

ಇಷ್ಟು ಹೇಳಿದ ಕೂಡಲೇ ಒಬ್ಬ ಗೆಳೆಯ ಎದ್ದು ನಿಲ್ಲುತ್ತಾನೆ ಅಂತ ನನಗೆ ಗೊತ್ತು. “ನಾ ರಾತ್ರಿ ಓದಾಂವ ಪಾ, ಮುಂಜಾನಿ ಹತ್ತರ ತನಕಾ ಎಬ್ಬಿಸಬ್ಯಾಡ್ರಿ.” ಅವನ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಹದಿಹರೆಯದಲ್ಲಿ ನಿದ್ದೆ ಹತ್ತುವ ಹೊತ್ತು ವರ್ಷ ವರ್ಷಕ್ಕೆ ತಡವಾಗುತ್ತ ಹೋಗಿ, ಇಪ್ಪತ್ತರ ಸುಮಾರಿಗೆ ಮತ್ತೆ ಹಿಂದೆ ಸರಿಯತೊಡಗುತ್ತದೆ. ನಾಲ್ಕಕ್ಕೆ ಏಳಲಾರದವನೆಲ್ಲ ಸೋಮಾರಿಯಲ್ಲ. ಆದರೆ ಪರೀಕ್ಷಾ ಮಂಡಳಿಯವರು ರಾತ್ರಿ ಎರಡಕ್ಕೆ ಪ್ರಶ್ನೆಪತ್ರಿಕೆ ಹಂಚುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಇನ್ನೊಬ್ಬಳು ‘ನಾನು ಕಣ್ಣಿನಿಂದ ಕಲಿಯೋಳು, ಚಿತ್ರ ಇಲ್ಲದಿದ್ದರೆ ತಲೆಗೆ ಹೋಗಲ್ಲ’ ಅನ್ನುತ್ತಾಳೆ. ಕಣ್ಣಿನವರು, ಕಿವಿಯವರು, ಕೈಯವರು ಅಂತ ವಿದ್ಯಾರ್ಥಿಗಳನ್ನು ವಿಂಗಡಿಸುವ ಈ ಮಾತು ಶಾಲೆ ಶಾಲೆಗೂ ಹಬ್ಬಿದೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಸೋಸಿ ನೋಡಿದರೆ, ಹಾಗೆ ವಿಂಗಡಿಸಿ ಕಲಿಸಿದ್ದರಿಂದ ಕಲಿಕೆ ಹೆಚ್ಚಿತು ಅನ್ನಲು ತಕ್ಕ ಪುರಾವೆ ಸಿಗಲಿಲ್ಲ. ನಮಗೆ ಇಷ್ಟವಾದದ್ದೆಲ್ಲ ನಮ್ಮ ಸ್ವಭಾವ ಅಂತ ಕರೆಯುವುದು ಸುಲಭ. ಇಟ್ಟಿಗೆಯ ಮೇಲೆ ಕೂತು ಹರಟೆ ಹೊಡೆಯುವುದು ತ್ರಿಕೋನಾಸನ ಆಗಲಾರದು.

ಇನ್ನೊಂದು ವಿಷಯವನ್ನು ನಮ್ಮ ಜನ ಮರೆಯುತ್ತಾರೆ. ಸ್ವಭಾವ ಒಂದು ಕಡೆ ಇರಲಿ, ಕೆಲಸಕ್ಕೂ ಒಂದು ಸ್ವಭಾವ ಇರುತ್ತದೆ. ಎಂ.ಪಿ.ಎಸ್.ಸಿ. ರಾಜ್ಯಸೇವಾ ಮುಖ್ಯ ಪರೀಕ್ಷೆ ಮೊದಲು ಬಹುಮಟ್ಟಿಗೆ ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆಯಾಗಿತ್ತು. ಅದನ್ನು ಬರೆದು ಉತ್ತರಿಸುವ ಪರೀಕ್ಷೆ ಮಾಡುತ್ತೇವೆ ಎಂದಾಗ 2023ರ ಆರಂಭದಲ್ಲಿ ಹುಡುಗರು ಇದೇ ಪುಣೆಯಲ್ಲಿ ಬೀದಿಗಿಳಿದರು. ಬದಲಾವಣೆ 2025ಕ್ಕೆ ಹೋಯಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಸಿಲಬಸ್ಸು ಬದಲಾಯಿತು ಅನ್ನುವುದು ಅದರ ಒಂದು ಭಾಗ. ವರ್ಷಗಟ್ಟಲೆ ರೂಢಿಸಿಕೊಂಡ ಕೂರುವ ರೀತಿಯೇ ಬದಲಾಗಬೇಕಿತ್ತು. ಇಸವಿ, ಕಲಮು, ನದಿಯ ಹೆಸರು ಇವನ್ನು ಇಪ್ಪತ್ತೈದು ನಿಮಿಷದ ತುಂಡುಗಳಲ್ಲಿ ನುಂಗಬಹುದು. ಮೂರು ತಾಸು ಎದ್ದೇಳದೆ ಬೆರಳು ನೋಯುವವರೆಗೆ ಬರೆಯುವುದನ್ನು ಆ ತುಂಡುಗಳಲ್ಲಿ ಕಲಿಯಲಾಗದು. ಅಕ್ಕಲಕೋಟದ ಗೆಳೆಯನಿಗೆ ನಾನು ಈಚೆಗೆ ಹೇಳುತ್ತಿರುವುದು ಇಷ್ಟೇ: ಟೊಮೇಟೊ ಇಟ್ಟುಕೋ, ಆದರೆ ವಾರಕ್ಕೆ ಎರಡು ದಿನ ಅದನ್ನು ಡಬ್ಬಿಯಲ್ಲಿ ಹಾಕಿ ಮೂರು ತಾಸು ಬರೆ. ಅವನಿಗೆ ಅದು ಹಿಡಿಸಿಲ್ಲ. ಮಾಡುತ್ತಿದ್ದಾನೆ.

ಹಾಗಾದರೆ ಯಾರಿಗೆ ಯಾವ ಇಟ್ಟಿಗೆ ಅಂತ ಹೇಳುವವರು ಯಾರು? ಕ್ಲಾಸಿನಲ್ಲಿ ಇನ್ನೂರು ಮಂದಿಯ ಮುಂದೆ ಮೈಕು ಹಿಡಿದವರಿಗೆ ಆಗದು. ನಾವೇ ನೋಡಿಕೊಳ್ಳಬೇಕು. ಎರಡು ವಾರ ಒಂದು ಇಪ್ಪತ್ತು ಪುಟದ ನೋಟುಬುಕ್ಕು ಸಾಕು. ಎಷ್ಟು ತಾಸು ಕೂತೆ ಅಂತ ಬರೆಯಬೇಡಿ. ಅದು ಮನೆಯವರಿಗೆ ಫೋನಿನಲ್ಲಿ ಹೇಳುವ ಲೆಕ್ಕ. ಯಾವ ಹೊತ್ತಿಗೆ, ಯಾವ ಕೆಲಸಕ್ಕೆ, ಎಷ್ಟು ಹೊತ್ತು ಕೂತದ್ದು, ಪುಸ್ತಕ ಮುಚ್ಚಿದ ಮೇಲೆ ಎಷ್ಟು ಹೇಳಲು ಬಂತು, ಇಷ್ಟು ಬರೆಯಿರಿ. ಈ ಪುಸ್ತಕ ಮುಚ್ಚಿ ಹೇಳುವುದೊಂದು ಮಾತ್ರ ಯಾರ ಸ್ವಭಾವವನ್ನೂ ಕೇಳುವುದಿಲ್ಲ. ರೋಡಿಗರ್, ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ತೋರಿಸಿದ್ದರು: ಮತ್ತೆ ಮತ್ತೆ ಓದಿದವರಿಗಿಂತ, ಓದಿ ಮುಚ್ಚಿ ನೆನೆದು ಬರೆದವರಿಗೆ ವಾರದ ಮೇಲೂ ಹೆಚ್ಚು ನೆನಪಿತ್ತು. ನಮ್ಮ ಅಜ್ಜಂದಿರು ಮಗ್ಗಿ ಒಪ್ಪಿಸಿದ್ದು ಇನ್ನೇನು?

ಆದರೆ ಒಪ್ಪಿಸಬೇಕಾದರೆ ಬಾಯಿ ತೆರೆಯಬೇಕು. ಅಭ್ಯಾಸಿಕೆಯಲ್ಲಿ ತೆರೆಯುವ ಹಾಗಿಲ್ಲ. ಕಾಟಿನ ಕೋಣೆಯಲ್ಲಿ ಉಳಿದ ಮೂವರು ಮಲಗಿರುತ್ತಾರೆ. ಜತ್ತದ ಹುಡುಗಿ ಪಾಯಿಖಾನೆಯ ಸಾಲಿನ ಪಕ್ಕದ ಟೆರೇಸಿನ ಮೂಲೆಯಲ್ಲಿ ನಿಂತು ಸಂವಿಧಾನದ ಕಲಮುಗಳನ್ನು ಗೋಡೆಗೆ ಒಪ್ಪಿಸುತ್ತಾಳೆ. ಮಳೆಗಾಲದಲ್ಲಿ ಅದೂ ಇಲ್ಲ. ಮೌನಕ್ಕೆ ಇಷ್ಟೊಂದು ಮೇಜು ಇರುವ ಊರಿನಲ್ಲಿ ದನಿಗೆ ಒಂದು ಕೋಣೆ ಇಲ್ಲ.

ನಮ್ಮ ಕಾಲೇಜಿನ ಹಿಂದಿನ ಕಟ್ಟಡದಲ್ಲಿ ಸಂಜೆ ಐದೂವರೆಯ ಮೇಲೆ ನಾಲ್ಕು ತರಗತಿಗಳು ಖಾಲಿ ಬೀಳುತ್ತವೆ. ಅದರಲ್ಲೊಂದನ್ನು ಎಂಟರ ತನಕ ತೆರೆದಿಡಿ, ಅಲ್ಲಿ ಗಟ್ಟಿಯಾಗಿ ಓದಲು, ಒಬ್ಬರಿಗೊಬ್ಬರು ಒಪ್ಪಿಸಲು, ಕನ್ನಡದಲ್ಲಿ ತಿಳಿದು ಮರಾಠಿಯಲ್ಲಿ ಬರೆಯುವುದನ್ನು ರೂಢಿಸಿಕೊಳ್ಳಲು ಬಿಡಿ ಅಂತ ಸಂಘದ ಪರವಾಗಿ ಒಂದು ಅರ್ಜಿ ಬರೆದಿದ್ದೇನೆ. ಹೊರಗಿನ ಅಭ್ಯಾಸಿಕೆಯ ನಮ್ಮ ಹುಡುಗರನ್ನೂ ಸೇರಿಸಿಕೊಳ್ಳಬೇಕು ಅನ್ನುವುದೂ ಅದರಲ್ಲಿದೆ; ಈ ಮಾತಿಗೆ ತಕರಾರು ಬರಬಹುದು. ಕೀಲಿಕೈ ವಾಚಮನ್ ಮಾಮಾನ ಹತ್ತಿರ ಇರುತ್ತದೆ, ಕೇಳಬೇಕಾದದ್ದು ಪ್ರಿನ್ಸಿಪಾಲರನ್ನು. ಗುರುವಾರದ ಸಭೆಗೆ ಬರುವವರು ಸಹಿ ಹಾಕಲು ಪೆನ್ನು ತನ್ನಿ.