ಜಾಲದ ವಿಳಾಸ ಓದುವ ಬಗೆ

ನಮ್ಮ ಹೊಸೂರು, ಕೃಷ್ಣಗಿರಿ ಕಡೆಯ ಅಂಗಡಿಗಳಲ್ಲಿ ಈಗ ತೆರಿಗೆ, ಬ್ಯಾಂಕು ಎಲ್ಲವೂ ಇಂಟರ್ನೆಟ್ಟಿನಲ್ಲೇ. ಇಂಟರ್ನೆಟ್ ಎಂದರೆ ಲೋಕದ ಕಂಪ್ಯೂಟರುಗಳನ್ನು ಜೋಡಿಸಿದ ರಸ್ತೆ. ವೆಬ್‌ಸೈಟ್ ಆ ರಸ್ತೆಯಲ್ಲಿನ ಅಂಗಡಿ, ಬ್ರೌಸರ್ ಅಲ್ಲಿಗೆ ಒಯ್ಯುವ ಗಾಡಿ. ಇಷ್ಟು ತಿಳಿದರೆ ಸಾಕು. ವಿಳಾಸದ ಸಂಗತಿಯನ್ನು ಮಾತ್ರ ನಿಧಾನವಾಗಿ ನೋಡೋಣ.

ಲಕೋಟೆಯ ಮೇಲೆ ಅಂಗಡಿ, ಬೀದಿ, ಹೊಸೂರು, ಕೃಷ್ಣಗಿರಿ ಜಿಲ್ಲೆ, ತಮಿಳುನಾಡು ಎಂದು ಬರೆಯುತ್ತೇವೆ. ದೊಡ್ಡದು ಕೊನೆಗೆ. ಜಾಲದ ವಿಳಾಸವೂ ಹಾಗೆಯೇ. ಹೆಸರು ಮುಗಿದು ಓರೆಗೆರೆ ಬರುವಲ್ಲಿಂದ ಹಿಂದಕ್ಕೆ ಓದಬೇಕು. ತೆರಿಗೆಯ ನಿಜವಾದ ತಾಣ ‘ಜಿಎಸ್‌ಟಿ ಡಾಟ್ ಗವ್ ಡಾಟ್ ಇನ್’. ಆ ‘ಗವ್ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ‘ರಿಫಂಡ್ ಬಂದಿದೆ, ಒತ್ತಿರಿ’ ಎಂಬ ಸಂದೇಶದ ವಿಳಾಸದಲ್ಲಿ ಮೊದಲು ಜಿಎಸ್‌ಟಿ ಎಂದಿದ್ದು ತುದಿಯಲ್ಲಿ ‘ಡಾಟ್ ಕಾಮ್’ ಇದ್ದರೆ ಒತ್ತಬೇಡಿ. ಅಂಥ ಹೆಸರನ್ನು ಯಾರು ಬೇಕಾದರೂ ಹಣ ಕೊಟ್ಟು ಪಡೆಯಬಹುದು. ಬ್ಯಾಂಕುಗಳಿಗೂ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ಗೆ ಬರುವಂತೆ ರಿಸರ್ವ್ ಬ್ಯಾಂಕ್ ಆಜ್ಞೆ ಮಾಡಿತ್ತು.

ಕೆಲವು ಬ್ರೌಸರುಗಳು ತೋರಿಸುವ ಬೀಗದ ಚಿತ್ರವನ್ನು ನಂಬಿ ಕೂರಬೇಡಿ. ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೇ ಅದರ ಅರ್ಥ, ಅಂಗಡಿಯವನು ಸಾಚಾ ಎಂದಲ್ಲ. ಹಣ ಹೋಗಿಯೇಬಿಟ್ಟರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಫೋನ್ ಮಾಡಿ.